ಇಪ್ಪತ್ತು ರೂಪಾಯಿಯ ಗಂಧರ್ವರು

ಇಪ್ಪತ್ತೈದು ವಾರ ಓಡಿದ ಚಿತ್ರದ ಹಾಡುಗಳ ರೆಕಾರ್ಡಿಗೆ ನೂರೈವತ್ತು ರೂಪಾಯಿ; ಮೂರನೇ ದಿನ ಮ್ಯಾಟಿನಿ ಹೊತ್ತಿಗೇ ಎತ್ತಂಗಡಿಯಾದ ಚಿತ್ರದ ರೆಕಾರ್ಡಿಗೆ ಮೂರು ಸಾವಿರ. ಹಳೆ ಸಂಗೀತದ ಮಾರುಕಟ್ಟೆಯ ನ್ಯಾಯ ಇದು. ಯಾಕಪ್ಪಾ ಹೀಗೆ ಎಂದು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಟಾರ್ಪಾಲು ಹಾಸಿಕೊಂಡು ಕೂತಿದ್ದವನನ್ನು ಕೇಳಿದೆ. “ಆವಾಗ ಯಾರೂ ತಗೊಂಡಿಲ್ಲ ಸಾರ್, ಅದಕ್ಕೇ ಈಗ ಸಿಗಲ್ಲ. ಸಿಗಲ್ಲ ಅಂದ್ಮೇಲೆ ರೇಟು” ಎಂದ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವರೂ ಇದನ್ನು ಇಷ್ಟು ಚುಟುಕಾಗಿ ಹೇಳಲಾರರು.

ಅವನ ಮಾತನ್ನು ಮಗುಚಿ ಹಾಕಿದರೆ ನನ್ನಂಥವರಿಗೆ ಬೇಕಾದ ಸೂತ್ರ ಸಿಗುತ್ತದೆ. ಒಂದು ಕಾಲದಲ್ಲಿ ಊರಿಗೆ ಊರೇ ಕೊಂಡದ್ದು ಇವತ್ತು ರಾಶಿ ಬಿದ್ದಿರುತ್ತದೆ, ರಾಶಿ ಬಿದ್ದದ್ದು ಅಗ್ಗ. ಊರಿಗೆ ಊರೇ ಯಾಕೆ ಕೊಂಡಿತು? ಬಹುಮಟ್ಟಿಗೆ, ಚೆನ್ನಾಗಿತ್ತು ಅಂತ. ಆದ್ದರಿಂದ “ಹಳೆ ರೆಕಾರ್ಡು ತಗೋಬೇಕು, ಯಾವ್ದು ತಗೊಳ್ಳಲಿ ಹೇಳಿ” ಎಂದು ಯಾರಾದರೂ ಬಂದರೆ ನಾನು ಅವರ ಅಭಿರುಚಿ ವಿಚಾರಿಸಲು ಹೋಗುವುದಿಲ್ಲ, ರೇಟು ಹೇಳಿಬಿಡುತ್ತೇನೆ. ಕ್ಯಾಸೆಟ್ಟಿಗೆ 20, ಸಿ.ಡಿ.ಗೆ 50, ಎಲ್‌ಪಿಗೆ 200. ಅದರ ಮೇಲೆ ಹೋದರೆ ಅದು ಸಂಗೀತವಲ್ಲ, ಸ್ಥಿರಾಸ್ತಿ. ವಕೀಲರನ್ನು ಕೇಳಿ ಕೊಳ್ಳಬೇಕು.

ಮೊದಲ ಶಿಫಾರಸು ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ. ನಗಬೇಡಿ. 1963ರಲ್ಲಿ ಎಚ್‌ಎಂವಿ ತಂದ ಈ ಎಲ್‌ಪಿಯ ರಾಯಲ್ಟಿ ತಿರುಪತಿಯ ವೇದಪಾಠಶಾಲೆಗೆ ಹೋಗಲಿ ಎಂದು ಅವರು ಬರೆದುಕೊಟ್ಟಿದ್ದರು. ನಮ್ಮ ಕಡೆ ಬೆಳಿಗ್ಗೆ ಹಾಲಿಗಿಂತ ಮುಂಚೆ ಮನೆಯೊಳಗೆ ಬರುತ್ತಿದ್ದದ್ದು ಅದೇ. ಎಲ್ಲರ ಮನೆಯಲ್ಲೂ ಇತ್ತು, ಹಾಗಾಗಿ ಈಗ ಕೇಳುವವರಿಲ್ಲ. ಆದರೆ ನಾವು ಅದನ್ನು ಕೇಳಿರುವುದೆಲ್ಲ ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತ, ಬಾಯ್ತುಂಬ ಟೂತ್‌ಪೇಸ್ಟ್ ಇಟ್ಟುಕೊಂಡು. ಪೂರ್ತಿ ಎಚ್ಚರವಿದ್ದು ಕೇಳಿದವರು ಎಷ್ಟು ಜನ? ಒಂದು ಸಲ ಸಂಜೆ ಕಾಫಿ ಕುಡಿದು, ಪಕ್ಕಾ ಎಚ್ಚರದಲ್ಲಿ ಕೂತು ಕೇಳಿ. ರಾಧಾ ವಿಶ್ವನಾಥನ್ ಅವರ ದನಿ ತಾಯಿಯ ದನಿಯೊಳಗೆ ಎಲ್ಲಿ ಸೇರಿತು, ಎಲ್ಲಿ ಬಿಟ್ಟಿತು ಎಂದು ಹುಡುಕುವುದರಲ್ಲೇ ಒಂದು ಮಗ್ಗುಲು ಮುಗಿದುಹೋಗುತ್ತದೆ. ನಾನು ಹಾಗೆ ಸಂಜೆ ಏಳಕ್ಕೆ ಹಾಕಿದ ದಿನ ಮಹಡಿ ಮನೆಯ ಅಜ್ಜಿ ಗಾಬರಿಯಿಂದ ಎದ್ದು ಸ್ನಾನಕ್ಕೆ ಗೀಸರ್ ಹಾಕಿಕೊಂಡರಂತೆ. ಅದು ಸಂಗೀತದ ಶಕ್ತಿ, ನನ್ನ ತಪ್ಪಲ್ಲ.

ಹಿಂದೂಸ್ತಾನಿ ಎಂದರೆ ಹೆದರಿ ಓಡುವವರಿಗೆ ‘ಕಾಲ್ ಆಫ್ ದಿ ವ್ಯಾಲಿ’ ಕೊಡಬೇಕು. 1967ರದ್ದು. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರು. ಕಾಶ್ಮೀರದ ಕಣಿವೆಯ ಒಬ್ಬ ಕುರುಬನ ಒಂದು ದಿನವನ್ನು ಬೆಳಗಿನ ಅಹಿರ್ ಭೈರವದಿಂದ ಹಿಡಿದು ಪಹಾಡಿಯವರೆಗೆ ನಡೆಸಿಕೊಂಡು ಹೋಗುತ್ತಾರೆ. ಮಾತಿಲ್ಲ, ಆಲಾಪ ಯಾವಾಗ ಮುಗಿಯುತ್ತದೋ ಎಂಬ ಆತಂಕವಿಲ್ಲ. ಒಂದೇ ಒಂದು ತೊಂದರೆ: ಮದುವೆಯ ವೀಡಿಯೋ, ಸರ್ಕಾರಿ ಸಾಕ್ಷ್ಯಚಿತ್ರ, ದಂತವೈದ್ಯರ ವೇಟಿಂಗ್ ರೂಮು, ಎಲ್ಲರೂ ಸಂತೂರಿಗೇ ಮುಗಿಬಿದ್ದು ನಮ್ಮ ಕಿವಿಯನ್ನು ಮೊಂಡು ಮಾಡಿಬಿಟ್ಟಿದ್ದಾರೆ. ಮೊದಲ ಐದು ನಿಮಿಷ ಹಲ್ಲು ಕೀಳಿಸಿಕೊಳ್ಳಲು ಕೂತ ಹಾಗನ್ನಿಸಿದರೆ ಏಳಬೇಡಿ. ಕೊಳಲು ಬಂದ ಮೇಲೆ ಸರಿಹೋಗುತ್ತದೆ.

ಇನ್ನು ಪರೀಕ್ಷೆ. ತಟ್ಟೆಯ ಅಂಚು ಮಾತ್ರ ಹಿಡಿದು ಬಿಸಿಲಿಗೆ ಓರೆ ಮಾಡಿ. ಗೀರುಗಳು ಕಾಣುತ್ತವೆ, ಹೆದರಬೇಡಿ. ಉಗುರಿನ ತುದಿಯನ್ನು ಮೆಲ್ಲಗೆ ಅಡ್ಡ ಎಳೆದಾಗ ತಡೆಯದೆ ಜಾರಿದರೆ ಅಷ್ಟೇನೂ ಇಲ್ಲ, ಸ್ವಲ್ಪ ಒಗ್ಗರಣೆ ಸಿಡಿದ ಸದ್ದು ಬಂದೀತು. ಉಗುರು ಟಕ್ ಎಂದು ನಿಂತರೆ ಗಾಯಕರೂ ಅಲ್ಲೇ ನಿಲ್ಲುತ್ತಾರೆ, ಒಂದೇ ಪದವನ್ನು ಕರೆಂಟು ಹೋಗುವವರೆಗೆ ಹಾಡುತ್ತಾರೆ. ಆಮೇಲೆ ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ನೋಡಬೇಕು. ಮೊಳೆಗೆ ತೂತು ಸಿಗದೆ ಕೈ ತಡಕಾಡಿದ ಸಣ್ಣ ಗೆರೆಗಳು ಅಲ್ಲಿರುತ್ತವೆ. ಗೆರೆ ಜಾಸ್ತಿಯಿದ್ದರೆ ಆ ಮನೆಯಲ್ಲಿ ಸಂಗೀತ ನಡೆದಿದೆ ಎಂದರ್ಥ. ಒಂದೂ ಇಲ್ಲದಿದ್ದರೆ ಅದು ಮದುವೆ ಉಡುಗೊರೆ.

ಮದುವೆ ಉಡುಗೊರೆಯ ರೆಕಾರ್ಡುಗಳನ್ನು ನಾನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ಜಗಜಿತ್–ಚಿತ್ರಾ ಸಿಂಗ್ ಅವರ ‘ದಿ ಅನ್‌ಫರ್ಗೆಟಬಲ್ಸ್’, 1976ರದ್ದು, ನನ್ನ ಹತ್ತಿರ ಇರುವುದು ಅಂಥದೇ. ಗಜಲನ್ನು ಮೆಹಫಿಲಿನಿಂದ ಎಬ್ಬಿಸಿ ಮಧ್ಯಮವರ್ಗದ ಸೋಫಾದ ಮೇಲೆ ಕೂರಿಸಿದ ರೆಕಾರ್ಡು ಅದು. ಕವಚದ ಹಿಂದೆ ನೀಲಿ ಶಾಯಿಯಲ್ಲಿ, “ನವದಂಪತಿಗಳಿಗೆ ಲೆಕ್ಕಪತ್ರ ವಿಭಾಗದ ಗೆಳೆಯರಿಂದ” ಎಂದು ಬರೆದು, ಕೆಳಗೆ ಹನ್ನೊಂದು ಸಹಿಗಳಿವೆ. ಒಬ್ಬರು ಅಭ್ಯಾಸಬಲದಿಂದ ಸಹಿಯ ಪಕ್ಕ ತಾರೀಕು ಹಾಕಿ ಇನಿಷಿಯಲ್ ಬೇರೆ ಮಾಡಿದ್ದಾರೆ. ತಟ್ಟೆಯ ಮೇಲೆ ಒಂದು ಗೆರೆಯಿಲ್ಲ. ಹನ್ನೊಂದು ಜನ ಚಂದಾ ಎತ್ತಿ ರೆಕಾರ್ಡು ಕೊಟ್ಟರು, ಪ್ಲೇಯರು ಕೊಡಲು ಯಾರಿಗೂ ಹೊಳೆಯಲಿಲ್ಲ.

ಪಾಶ್ಚಾತ್ಯ ಸಂಗೀತದಲ್ಲಿ ಬೋನಿ ಎಂ ಬಿಟ್ಟರೆ ನನಗೆ ಹೆಚ್ಚು ತಿಳಿಯದು, ತಿಳಿಯುವ ಅಗತ್ಯವೂ ಕಂಡಿಲ್ಲ. 1978ರ ‘ನೈಟ್‌ಫ್ಲೈಟ್ ಟು ವೀನಸ್’ ಸಿಕ್ಕರೆ ಚೌಕಾಶಿ ಮಾಡದೆ ತೆಗೆದುಕೊಳ್ಳಿ. ಆ ಗುಂಪಿನಲ್ಲಿ ಎದೆಗುಂಡಿ ಬಿಚ್ಚಿಕೊಂಡು ಕುಣಿಯುತ್ತಿದ್ದವರು ಬಾಬಿ ಫಾರೆಲ್. ರೆಕಾರ್ಡಿನಲ್ಲಿ ಕೇಳುವ ಆ ಗಡಸು ಗಂಡುದನಿ ಮಾತ್ರ ಸ್ಟುಡಿಯೋದಲ್ಲಿ ಕೂತಿದ್ದ ಜರ್ಮನ್ ನಿರ್ಮಾಪಕ ಫ್ರಾಂಕ್ ಫಾರಿಯನ್‌ದು. ಹಿನ್ನೆಲೆ ಗಾಯನದಲ್ಲೇ ಹುಟ್ಟಿ ಬೆಳೆದ ನಮಗೆ ಇದರಲ್ಲಿ ಮೋಸ ಎಲ್ಲಿದೆ ಎಂದೇ ಅರ್ಥವಾಗುವುದಿಲ್ಲ. ರಾಸ್ಪುಟಿನ್ ಹಾಡು ಬಂದಾಗ ನನ್ನ ಹೆಂಡತಿ ಚಪಾತಿ ಒತ್ತುವ ವೇಗ ಹೆಚ್ಚುತ್ತದೆ. ಇದನ್ನು ಕಂಡುಕೊಂಡ ಮೇಲೆ ನೆಂಟರು ಬಂದ ದಿನ ಆ ರೆಕಾರ್ಡನ್ನು ತಪ್ಪದೆ ಹಾಕುತ್ತೇನೆ.

ಆದರೂ ನಿಜವಾದ ಸುಗ್ಗಿ ಕ್ಯಾಸೆಟ್ಟುಗಳಲ್ಲಿ. ಎಲ್‌ಪಿಗೆ ಮತ್ತೆ ಮರ್ಯಾದೆ ಬಂದು ಕಾಫಿ ಶಾಪುಗಳ ಗೋಡೆ ಏರಿದೆ. ಕ್ಯಾಸೆಟ್ಟು ಇನ್ನೂ ಗೋಣಿಚೀಲದಲ್ಲೇ ಇದೆ. ಕೊಳ್ಳುವಾಗ ಮುಚ್ಚಳ ತೆಗೆದು, ಟೇಪು ಹಾಯುವ ಬಾಯಿಯ ನಡುವೆ ತಾಮ್ರದ ಪಟ್ಟಿಗೆ ಅಂಟಿದ ಉದ್ದಿನಬೇಳೆಯಷ್ಟು ಉಣ್ಣೆಯ ತುಂಡು ಇದೆಯೇ ನೋಡಿ. ಅದು ಬಿದ್ದುಹೋಗಿದ್ದರೆ ಭೀಮಸೇನ ಜೋಶಿಯವರೂ ಕಂಬಳಿ ಹೊದ್ದುಕೊಂಡು ಹಾಡುತ್ತಾರೆ. ಟೇಪಿನ ಸುರುಳಿಯಲ್ಲಿ ಬಿಳಿ ಬೂಷ್ಟು ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಮತ್ತೆ, ಜೇಬಿನಲ್ಲಿ ಆರು ಮೂಲೆಯ ಪೆನ್ಸಿಲ್ ಒಂದಿರಲಿ. ಸಡಿಲ ಟೇಪನ್ನು ಅದರಿಂದ ತಿರುಗಿಸಿ ಬಿಗಿ ಮಾಡುತ್ತ ನಿಂತರೆ ಮಾರುವವನು ಇವನು ಪಳಗಿದವನು ಎಂದುಕೊಂಡು ಐದು ರೂಪಾಯಿ ತಾನೇ ಇಳಿಸುತ್ತಾನೆ.

ಗೋಣಿಚೀಲದಲ್ಲಿ ‘ನಿತ್ಯೋತ್ಸವ’ ಸಿಗುತ್ತದೆ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ, 1978. ಕನ್ನಡ ಭಾವಗೀತೆ ಕ್ಯಾಸೆಟ್ಟು ಏರಿ ಮನೆಮನೆಗೆ ಹೊರಟದ್ದು ಇದರಿಂದ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಿಗುತ್ತದೆ. ರಂಗದ ಮೇಲೆ ಅವರು ಆಯಾ ದಿನದ ಪೇಪರು ನೋಡಿ ಮಾತು ಬದಲಿಸುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಬದಲಿಸಲಾಗದೆ ಹಾಗೇ ಉಳಿದಿದೆ, ಬದಲಿಸುವಂಥ ಕಾರಣವನ್ನು ನಮ್ಮ ಕಚೇರಿಗಳೂ ಒದಗಿಸಿಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಎಷ್ಟು ಬೇಕಾದರೂ ಸಿಗುತ್ತದೆ, ಯಾಕೆಂದರೆ ಒಂದು ಕಾಲದಲ್ಲಿ ಅದಿಲ್ಲದೆ ತಾಳಿ ಕಟ್ಟುವಂತಿರಲಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮರುಳಾದ ಹುಡುಗ ಅದರ ಕೀಲಿಗಳನ್ನು ಗಮಕಕ್ಕೆ ಒಗ್ಗಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಊದಿಕೊಂಡು ಹೋದರು. ಈಗ 20 ರೂಪಾಯಿ. ಎರಡು ತಗೊಂಡರೆ 30.

ಚೆಂಡೆಯ ಸದ್ದು ಸೇರುವ ಕಿವಿಯಾದರೆ ಕಾಳಿಂಗ ನಾವಡರ ಯಕ್ಷಗಾನದ ಕ್ಯಾಸೆಟ್ಟುಗಳನ್ನು ಬೆಂಗಳೂರಿನಲ್ಲೇ ಹುಡುಕಬೇಕು. ಕುಂದಾಪುರದ ಕಡೆ ಅವನ್ನು ಯಾರೂ ಮಾರುವುದಿಲ್ಲ, ಮಗಳ ಒಡವೆಯ ಜೊತೆ ಬೀರುವಿನಲ್ಲಿ ಇಟ್ಟಿರುತ್ತಾರೆ. 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ ಭಾಗವತರು. ಅಭಿಮಾನಿಗಳು ಆಟದ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡೇ ಕೂರುತ್ತಿದ್ದರು. ಅಂಥ ಕ್ಯಾಸೆಟ್ಟಿನಲ್ಲಿ ಪದ್ಯದ ನಡುವೆ ಯಾರೋ ಕೆಮ್ಮುತ್ತಾರೆ, ಯಾರೋ ಕಡಲೆಕಾಯಿ ಕೇಳುತ್ತಾರೆ, ಆ ಕಂಠ ಇದ್ಯಾವುದಕ್ಕೂ ಜಗ್ಗದೆ ಮೇಲಕ್ಕೆ ಹೋಗುತ್ತದೆ. ಈ ಬರಹದಲ್ಲಿ ನಾನು ಹೇಳಿದ ಒಂದನ್ನೇ ಕೊಳ್ಳುವುದಾದರೆ ಇದನ್ನು ಕೊಳ್ಳಿ.

ಬೇಡವಾದದ್ದನ್ನೂ ಹೇಳಬೇಕಲ್ಲ. ಗೌಹರ್ ಜಾನ್ ಅವರ ಮೂಲ ತಟ್ಟೆಗಳ ಆಸೆ ಬಿಡಿ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಮಾಡಿಸಿ, ಜರ್ಮನಿಯ ಕಾರ್ಖಾನೆಯವರಿಗೆ ಗುರುತು ಹತ್ತಲೆಂದು ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಹೇಳಿದ ಧೀಮಂತೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಆಗ ಅವರ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಈಗ ಅವರ ಒಂದು ತಟ್ಟೆಗೆ ಹೇಳುವ ಬೆಲೆ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ನಾನಂತೂ ಕೊಳ್ಳುವುದಿಲ್ಲ. ಫೋನಿನಲ್ಲಿ ಪುಕ್ಕಟೆ ಕೇಳುತ್ತೇನೆ.

ಕಡೆಯದೊಂದು ವರ್ಗ ಉಂಟು, ಯಾವ ಅಂಗಡಿಯಲ್ಲೂ ಅದಕ್ಕೆ ಬೇರೆ ಪೆಟ್ಟಿಗೆಯಿಲ್ಲ. ಕ್ಯಾಸೆಟ್ಟಿನ ತಲೆಯ ಮೇಲಿನ ಎರಡು ಕಿಂಡಿಗಳಿಗೆ ಪ್ಲಾಸ್ಟರ್ ಅಂಟಿಸಿದ್ದರೆ, ಅಳಿಸಿ ಬೇರೇನೋ ತುಂಬಿದ್ದಾರೆ ಎಂದು ಲೆಕ್ಕ. ತಿಳಿದವರು ಬಿಟ್ಟುಬಿಡುತ್ತಾರೆ, ನಾನು ಅದನ್ನೇ ಆರಿಸುತ್ತೇನೆ. ದಾಸವಾಣಿ ಎಂದು ಬರೆದಿದ್ದ ಒಂದರಲ್ಲಿ ಎರಡನೇ ಪದದ ಅರ್ಧಕ್ಕೆ ಖರ್ ಎಂದು ಸದ್ದಾಗಿ, ತಟ್ಟೆ–ಚಮಚದ ಗದ್ದಲ ಶುರುವಾಯಿತು. ಹೆಣ್ಣು ನೋಡುವ ಶಾಸ್ತ್ರ. ಕೇಸರಿಬಾತು ಬಡಿಸುತ್ತಿದ್ದಾರೆ. “ಇನ್ನೊಂದ್ ಚೂರು ಹಾಕಿಸ್ಕೊಳಿ” ಎಂಬ ಹೆಂಗಸಿನ ದನಿ, “ಸಾಕು ಸಾಕು” ಎಂಬ ಮೂಗಿನ ದನಿ, ಆಮೇಲೆ ಗಂಟಲು ಸರಿಮಾಡಿಕೊಂಡು ಯಾರೋ ಹಿರಿಯರು: “ಹುಡುಗಿ ಒಂದು ದೇವರನಾಮ ಹೇಳ್ಲಿ.” ಅವಳು ಹೇಳಿದಳು. ಶ್ರುತಿ ಸ್ವಲ್ಪ ಕೆಳಗೆ, ಆದರೆ ಗಟ್ಟಿ ಗಂಟಲು. ಮುಗಿದ ಮೇಲೆ ಹಿರಿಯರು, “ಏನಪ್ಪಾ, ಏನ್ ಹೇಳ್ತೀಯ?” ಎಂದರು. ಟೇಪು ಮುಗಿಯಿತು.

ನನ್ನ ಹೆಂಡತಿ ಒಲೆ ಆರಿಸಿ ಬಂದಳು. “ರೀ, ತಿರುಗ್ಸಿ ಹಾಕಿ. ಒಪ್ಕೊಂಡ್ನಾ ಇಲ್ವಾ?” ತಿರುಗಿಸಿ ಹಾಕಿದೆ. ಆ ಕಡೆ ಪೂರ್ತಿ ರಾಜನ್–ನಾಗೇಂದ್ರರ ಡ್ಯುಯೆಟ್ಟುಗಳು, ರೇಡಿಯೋದಿಂದ ತುಂಬಿದ್ದು, ಒಂದಾದ ಮೇಲೊಂದು. ನಾಲ್ಕನೆಯ ಹಾಡಿನವರೆಗೆ ಅವಳು ನಿಂತೇ ಕೇಳಿದಳು.

“ಒಪ್ಕೊಂಡಿದಾನೆ ಬಿಡಿ. ಇಲ್ದಿದ್ರೆ ಯಾರಾದ್ರೂ ಕೂತ್ಕೊಂಡು ಇಷ್ಟೊಂದು ಡ್ಯುಯೆಟ್ ತುಂಬಿಸ್ತಾರಾ?” ಎಂದು ಹೇಳಿ ಮತ್ತೆ ಒಲೆ ಹಚ್ಚಲು ಹೋದಳು.