ಯಾವಾಗ ಹೋಗ್ತೀರಿ ಎಂದು ಕೇಳಿದ ತಮ್ಮನಿಗೆ

ಕೋಲ್ಕತ್ತಾ

ತಮ್ಮಾ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ವಯಸ್ಸಿನಲ್ಲಿ ನೀನು ನನ್ನ ಮಗನಷ್ಟಿರಬಹುದು, ಅದಕ್ಕೇ ಏಕವಚನದಲ್ಲಿ ಕರೆಯುತ್ತಿದ್ದೇನೆ. ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ಟಿರೆಟ್ಟಿ ಬಜಾರಿನಲ್ಲಿ, ಪೊದ್ದಾರ್ ಕೋರ್ಟ್ ಕಟ್ಟಡದ ಹತ್ತಿರ, ನೀನು ಗೆಳೆಯನ ಜೊತೆ ಕನ್ನಡದಲ್ಲಿ ಮಾತಾಡುತ್ತ ನಿಂತಿದ್ದೆ. ಇಪ್ಪತ್ತು ವರ್ಷಗಳಿಂದ ಈ ಊರಲ್ಲಿರುವ ನನಗೆ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಅದೇ ಹಬ್ಬ. ಮಾತಾಡಿಸೋಣವೆಂದು ಹತ್ತಿರ ಬಂದೆ. ಅಷ್ಟರಲ್ಲಿ ನೀನು, ಹಬೆಯಾಡುವ ಪಾತ್ರೆಯ ಹಿಂದೆ ಕೂತಿದ್ದ ಅಜ್ಜಿಯನ್ನು ಹಿಂದಿಯಲ್ಲಿ ಕೇಳಿಬಿಟ್ಟೆ: "ನೀವು ಚೀನಾಕ್ಕೆ ವಾಪಸ್ ಯಾವಾಗ ಹೋಗ್ತೀರಿ?"

ಅಜ್ಜಿ ತಲೆ ಎತ್ತದೆ ಬಂಗಾಳಿಯಲ್ಲಿ "ಆಮಿ ತೋ ಎಖಾನೇ ಜೊನ್ಮೇಚಿ" ಎಂದರು. ನಾನು ಹುಟ್ಟಿದ್ದೇ ಇಲ್ಲಿ ಎಂದು. ನಿನಗೆ ಅದು ಅರ್ಥವಾಗಲಿಲ್ಲ. ನೀನು ನಕ್ಕು, ದುಡ್ಡು ಕೊಟ್ಟು, ಎಲೆಯ ದೊನ್ನೆಯಂಥ ತಟ್ಟೆ ಹಿಡಿದು ಮುಂದೆ ಹೋದೆ. ನಿನ್ನನ್ನು ಮಾತಾಡಿಸಲು ನನಗೆ ಬಾಯಿ ಬರಲಿಲ್ಲ. ಅವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಎಲ್ಲರೂ ಓದುವಂತೆ ಬರೆಯುತ್ತಿರುವುದು ಯಾಕೆಂದರೆ, ಆ ಪ್ರಶ್ನೆ ನಿನ್ನೊಬ್ಬನದಲ್ಲ. ನಾನು ಈ ಊರಿಗೆ ಬಂದ ಹೊಸತರಲ್ಲಿ ನನ್ನ ಮನಸ್ಸಿನಲ್ಲೂ ಅದೇ ಇತ್ತು.

ನನ್ನನ್ನೂ ಈ ಊರು ಕೇಳುತ್ತದೆ. ಬಂಗಾಳಿಗಳ ಮೊದಲ ಪ್ರಶ್ನೆಯೇ "ಆಪ್ನಾರ್ ದೇಶ್ ಕೋಥಾಯ್?" ಇಲ್ಲಿ ದೇಶ ಎಂದರೆ ಹಿರಿಯರ ಊರು. ತಿಪಟೂರಿನ ಹತ್ತಿರ ಎನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ನನಗೆ ಹೇಳಲು ಒಂದು ಊರಿದೆ, ಹೋದರೆ ಬಾಗಿಲು ತೆರೆಯುವವರಿದ್ದಾರೆ. ಆ ಅಜ್ಜಿಗೆ ಈ ಗಲ್ಲಿಯೇ ದೇಶ. ಆಕೆ ಎಲ್ಲಿಗೆ ಹೋಗಬೇಕು?

ಅವರ ಜನ ಇಲ್ಲಿಗೆ ಬಂದದ್ದು ಯಾವಾಗ ಗೊತ್ತೆ? ನಮ್ಮಲ್ಲಿ ಹೈದರಾಲಿ ಆಳುತ್ತಿದ್ದ ಕಾಲದಲ್ಲಿ. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದಾಗ ತೊಂಗ್ ಅಚ್ಯೂ ಎಂಬ ಚೀನೀಯ ಹೂಗ್ಲಿ ನದಿಯ ದಂಡೆಯಲ್ಲಿ, ಬಜ್‌ಬಜ್‌ನಿಂದ ಕೆಳಗೆ, ಜಮೀನು ಪಡೆದು ಕಬ್ಬು ಬೆಳೆದ, ಸಕ್ಕರೆ ಗಿರಣಿ ಹೂಡಿದ. ಆ ಊರಿಗೆ ಈಗಲೂ ಅವನದೇ ಹೆಸರು: ಅಚಿಪುರ. ಅಲ್ಲಿ ಕುದುರೆ ಲಾಳದ ಆಕಾರದ ಅವನ ಕೆಂಪು ಸಮಾಧಿ ಇದೆ. ಚೀನೀ ಹೊಸವರ್ಷದ ದಿನಗಳಲ್ಲಿ ಕೋಲ್ಕತ್ತಾದ ಕುಟುಂಬಗಳು ಅಲ್ಲಿಗೆ ಹೋಗಿ ಊದುಬತ್ತಿ ಹಚ್ಚಿ ಕೈಮುಗಿಯುತ್ತವೆ. ನಾವು ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗಿಬರುವುದಿಲ್ಲವೆ, ಹಾಗೆ. ಇನ್ನು ನೀನು ನಿಂತಿದ್ದ ಬಜಾರಿನ ಹೆಸರು ವೆನಿಸ್ ಕಡೆಯಿಂದ ಬಂದ ಎಡ್ವಾರ್ಡೊ ಟಿರೆಟ್ಟಾ ಎಂಬಾತನದು. ಈ ಊರನ್ನು ಕಟ್ಟಿದವರಲ್ಲಿ ಹೊರಗಿನಿಂದ ಬರದವರನ್ನು ಹುಡುಕುವುದೇ ಕಷ್ಟ.

ಅಚ್ಯೂನ ಹಿಂದೆ ಕ್ಯಾಂಟನ್ ಕಡೆಯ ಬಡಗಿಗಳು ಬಂದರು. ಹೂಪೆ ಪ್ರಾಂತದವರು ಹಲ್ಲಿನ ವೈದ್ಯರಾದರು. ಹಕ್ಕಾ ಜನ ಬೆಂಟಿಂಕ್ ಸ್ಟ್ರೀಟಿನಲ್ಲಿ ಚಪ್ಪಲಿ-ಬೂಟು ಹೊಲಿದರು, ಊರಿನ ಪೂರ್ವದ ಜೌಗು ನೆಲವಾದ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡಿದರು. ಈ ಕೊನೆಯ ಮಾತನ್ನು ಸ್ವಲ್ಪ ನಿಧಾನವಾಗಿ ಓದು. ಮೇಲ್ಜಾತಿಯವರು ಮೂಗು ಮುಚ್ಚಿಕೊಂಡು ದೂರ ಸರಿದ ಕಸುಬು ಅದು. ಬಿಹಾರದಿಂದ ಬಂದ ದಲಿತ ಕಾರ್ಮಿಕರೂ ಹಕ್ಕಾ ಮನೆತನಗಳೂ ಆ ಸುಣ್ಣದ ಗುಂಡಿಗಳ ವಾಸನೆಯಲ್ಲಿ ಬದುಕು ಕಟ್ಟಿಕೊಂಡರು. ಈ ನಗರದ ಬಾಬುಗಳು ಕಾಲಿಗೆ ಮೆಟ್ಟಿದ್ದು ಅವರ ದುಡಿಮೆಯನ್ನು. 1996ರಲ್ಲಿ ಗಂಗೆಯ ಮಾಲಿನ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಚರ್ಮ ಹದ ಮಾಡುವ ಕಾರ್ಖಾನೆಗಳು ಊರ ಹೊರಗಿನ ಬಾಂತಲಾಕ್ಕೆ ಹೋಗಬೇಕೆಂದಿತು. ಕೆಲವರು ಹೋದರು. ಕೆಲವರು ಅದೇ ಕಟ್ಟಡಗಳಲ್ಲಿ ಒಲೆ ಹಚ್ಚಿ ಹೋಟೆಲು ತೆರೆದರು.

ಟ್ಯಾಂಗ್ರಾದಲ್ಲಿ ಒಂದು ಕಾಳಿ ಗುಡಿ ಇದೆ. ಜನ ಅದನ್ನು ಚೀನಾ ಕಾಳಿಬಾಡಿ ಎನ್ನುತ್ತಾರೆ. ಅಲ್ಲಿ ತಾಯಿಗೆ ನೂಡಲ್ಸ್ ನೈವೇದ್ಯ. ನೀನು ನಿಂತಿದ್ದ ಜಾಗದ ಆಸುಪಾಸಿನಲ್ಲೇ ಛಾತಾವಾಲಾ ಗಲ್ಲಿಯಲ್ಲಿ 1905ರ ಸೀ ಇಪ್ ಚರ್ಚ್ ಇದೆ. ಹೆಸರು ಚರ್ಚ್, ಒಳಗೆ ಕರುಣೆಯ ದೇವತೆ ಕ್ವಾನ್ ಯಿನ್. ಇಂಗ್ಲಿಷರ ಬಾಯಲ್ಲಿ ಪೂಜೆಯ ಮನೆಯೆಲ್ಲ ಚರ್ಚಾಗಿ, ಆ ಹೆಸರೇ ಉಳಿಯಿತು. ಒಂದು ನೆಲದಲ್ಲಿ ಇಷ್ಟು ಬೇರುಬಿಟ್ಟವರಿಗೆ ವಾಪಸ್ ಎನ್ನುವ ಮಾತು ಹೇಗೆ ಹೊಂದುತ್ತದೆ?

ಆದರೂ ಆ ಪ್ರಶ್ನೆಯನ್ನು ಒಮ್ಮೆ ಸರ್ಕಾರವೇ ಕೇಳಿತು. ಕೇಳಿದ್ದಷ್ಟೇ ಅಲ್ಲ, ಹಿಡಿದು ಸಾಗಿಸಿತು. 1962ರ ಅಕ್ಟೋಬರ್ 20ರಂದು ಗಡಿಯಲ್ಲಿ ಯುದ್ಧ ಶುರುವಾಯಿತು. ವಿದೇಶೀಯರ ಕಾನೂನಿನ ವ್ಯಾಪ್ತಿ ಹಿಗ್ಗಿತು. ತಂದೆ ತಾಯಿಯಲ್ಲಿ, ಅಜ್ಜ ಅಜ್ಜಿಯಲ್ಲಿ ಒಬ್ಬರು ಎಂದಾದರೂ ಶತ್ರುದೇಶದ ಪ್ರಜೆಯಾಗಿದ್ದರೆ ಸಾಕು, ಭಾರತದ ಪೌರನೂ ಪರದೇಶಿಯಂತೆ ಕಟ್ಟಳೆಗೊಳಗಾದ. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಗಳಲ್ಲಿ ಪೊಲೀಸರು ಮನೆಮನೆಗೆ ಬಂದರು. ಮಕ್ಕಳು ಮುದುಕರೆನ್ನದೆ ಸುಮಾರು 3,000 ಜನರನ್ನು ರೈಲಿಗೆ ತುಂಬಿ, ದಿನಗಟ್ಟಲೆ ಓಡಿಸಿ, ರಾಜಸ್ಥಾನದ ದೇವ್ಲಿ ಎಂಬಲ್ಲಿನ ಶಿಬಿರದಲ್ಲಿ ಕೂಡಿಹಾಕಿದರು. ಯುದ್ಧ ಒಂದು ತಿಂಗಳಿಗೆ ನಿಂತಿತು. ಶಿಬಿರದ ಕೊನೆಯವರು ಹೊರಬಂದದ್ದು 1967ರಲ್ಲಿ. ಅಷ್ಟರೊಳಗೆ ಎಷ್ಟೋ ಜನರನ್ನು ಅವರು ಕಂಡೇ ಇರದ ಚೀನಾಕ್ಕೆ ಹಡಗು ಹತ್ತಿಸಿ ಕಳಿಸಲಾಗಿತ್ತು. ಬಿಡುಗಡೆಯಾಗಿ ಊರಿಗೆ ಮರಳಿದವರಲ್ಲಿ ಅನೇಕರ ಮನೆ, ಅಂಗಡಿಗಳು ಅವರದಾಗಿ ಉಳಿದಿರಲಿಲ್ಲ.

ಕೋಲ್ಕತ್ತಾದಲ್ಲೇ ಉಳಿದವರ ಪಾಡನ್ನೂ ಕೇಳು. ಟಿರೆಟ್ಟಿ ಬಜಾರಿನಿಂದ ಕೂಗಳತೆಯಲ್ಲಿ ಲಾಲ್‌ಬಜಾರಿನ ಪೊಲೀಸ್ ಕೇಂದ್ರ ಕಚೇರಿ ಇದೆ. ಊರಿಂದ ಹೊರಗೆ ಹೋಗಬೇಕಾದರೆ ಅಲ್ಲಿ ಅನುಮತಿ, ಬಂದ ಮೇಲೆ ಹಾಜರಿ, ಹೀಗೆ ವರ್ಷಗಟ್ಟಲೆ ಬದುಕಿದರು. ಪೌರತ್ವದ ಕಾಗದಕ್ಕಾಗಿ ದಶಕಗಳ ಕಾಲ ಕಾದವರಿದ್ದಾರೆ. ಕಾದು ಸಾಕಾಗಿ ಮಕ್ಕಳನ್ನು ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಕಳಿಸಿದರು. ಒಂದು ಕಾಲಕ್ಕೆ ಇಲ್ಲಿ 20,000 ಚೀನೀಯರಿದ್ದರೆಂದು ಅಂದಾಜು. ಈಗ ಎರಡು ಮೂರು ಸಾವಿರ ಇದ್ದರೆ ಹೆಚ್ಚು. ಭಾನುವಾರದ ತಿಂಡಿ ಬೀದಿಯಲ್ಲಿ ಅವರ ಗಾಡಿಗಳು ಒಂದೊಂದಾಗಿ ಕಡಿಮೆಯಾಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ತಮ್ಮಾ, ನೀನು ಕೆಡುಕು ಬಯಸಿ ಕೇಳಲಿಲ್ಲ ಎಂದು ಬಲ್ಲೆ. ಕುತೂಹಲಕ್ಕೆ ಕೇಳಿದೆ. ಆದರೆ ಪೊಲೀಸರ ಬಾಯಲ್ಲಿ ಕೇಳಿಸಿದ ಮಾತನ್ನೇ ತಿಂಡಿ ಕೊಳ್ಳಲು ಬಂದವನ ಬಾಯಲ್ಲೂ ಕೇಳಬೇಕಾದವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಯೋಚಿಸು. ಇದು ನಮ್ಮ ನಾಡಿನಿಂದ ದೂರದ ಸಂಗತಿಯೂ ಅಲ್ಲ. 2012ರ ಆಗಸ್ಟಿನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಕ್ಕಳು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗಾಗಿ ಒಬ್ಬರ ಮೇಲೊಬ್ಬರು ಬಿದ್ದರು. ನಮ್ಮ ಹೋಟೆಲುಗಳಲ್ಲಿ ಬಡಿಸುತ್ತಿದ್ದವರು, ನಮ್ಮ ಕಾಲೇಜುಗಳಲ್ಲಿ ಓದುತ್ತಿದ್ದವರು ಅವರು. ಮುಖ ನೋಡಿ ದೇಶ ಅಳೆಯುವ ಚಾಳಿ ಅವರಲ್ಲಿ ಎಷ್ಟು ಭಯ ಕೂಡಿಟ್ಟಿರಬೇಕು.

ಒಂದು ಸಿಹಿ ಸಂಗತಿಯನ್ನೂ ಹೇಳಬೇಕು. ನಮ್ಮ ಜಾತ್ರೆಯ ತಳ್ಳುಗಾಡಿಯಲ್ಲಿ, ಬಸ್ ನಿಲ್ದಾಣದ ಎದುರಿನಲ್ಲಿ ನೀನು ತಿಂದು ಬೆಳೆದ ಗೋಬಿ ಮಂಚೂರಿಗೆ ಮಂಚೂರಿಯಾ ಸೀಮೆಯ ನಂಟಿಲ್ಲ. ಕೋಲ್ಕತ್ತಾದ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬೈಯಲ್ಲಿ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಬೆರೆಸಿ ಕೋಳಿಯ ಮಂಚೂರಿ ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ನಮ್ಮದಾಯಿತು. ಅವರ ಕೈರುಚಿಯನ್ನು ನಮ್ಮದೆಂದು ಒಪ್ಪಿಕೊಂಡ ನಾವು ಅವರನ್ನೂ ಒಪ್ಪಿಕೊಳ್ಳಬೇಡವೆ?

ನಿನ್ನಿಂದ ನನಗೆ ಬೇಕಾದದ್ದು ಎರಡು. ಒಂದು, ಈ ಕತೆಯನ್ನು ನಿನ್ನ ಗೆಳೆಯರಿಗೆ ಹೇಳು. ನಮ್ಮ ಪಠ್ಯಗಳಲ್ಲಿ 1962 ಎಂದರೆ ಹಿಮಾಲಯದ ಸೈನಿಕರಷ್ಟೇ. ದೇವ್ಲಿಯ ಮಕ್ಕಳು ಅಲ್ಲಿಲ್ಲ. ಎರಡು, ಅವರ ಪರವಾಗಿ ಒಂದು ಮಾತು ಕೇಳು. ಎರಡನೇ ಮಹಾಯುದ್ಧದಲ್ಲಿ ತನ್ನ ಜಪಾನೀ ಮೂಲದ ಜನರನ್ನು ಕೂಡಿಹಾಕಿದ್ದಕ್ಕೆ ಅಮೆರಿಕ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ದೇವ್ಲಿಯಲ್ಲಿ ಬಾಲ್ಯ ಕಳೆದವರು ಈಗ ಅರವತ್ತು, ಎಪ್ಪತ್ತು ದಾಟಿದ್ದಾರೆ. ಅವರಿಗೆ ಹಣಕ್ಕಿಂತ ತಪ್ಪಾಯಿತು ಎಂಬ ಒಂದು ಮಾತು ಬೇಕಾಗಿದೆ. ನಮ್ಮ ಸರ್ಕಾರಗಳು ಅದನ್ನು ಇನ್ನೂ ಆಡಿಲ್ಲ. ಆಡಬೇಕೆಂದು ನಿನ್ನಂಥ ಹುಡುಗರು ಕೇಳಿದರೆ ಅದಕ್ಕೊಂದು ತೂಕ ಬರುತ್ತದೆ.

ಕೊನೆಗೆ ಒಂದು ಮಾತು. ನಾವು ಕನ್ನಡಿಗರು ಹೊರಡುವಾಗ ಹೋಗ್ತೀನಿ ಎನ್ನುವುದಿಲ್ಲ, ಹೋಗಿ ಬರ್ತೀನಿ ಎನ್ನುತ್ತೇವೆ. ಬಂಗಾಳಿಗಳೂ ಹಾಗೆಯೇ. ಹೊಸ್ತಿಲು ದಾಟುವಾಗ ಆಶಿ ಎನ್ನುತ್ತಾರೆ, ಬರ್ತೀನಿ ಎಂದು. ಹೋಗು ಎಂಬ ಮಾತು ಎರಡೂ ಮನೆಗಳಲ್ಲಿ ಅಶುಭ. ನೀನು ಬೆನ್ನು ತಿರುಗಿಸಿದ ಮೇಲೆ ಅಜ್ಜಿ ಪಾತ್ರೆಯ ಮುಚ್ಚಳ ಮುಚ್ಚುತ್ತ ನಿನ್ನ ಕಡೆಗೆ ಏನೋ ಅಂದರು. ಗದ್ದಲದಲ್ಲಿ ನಿನಗೆ ಕೇಳಿಸಿರಲಾರದು. ಆಕೆ ಅಂದದ್ದು "ಆಬಾರ್ ಏಶೋ". ಮತ್ತೆ ಬಾ ಎಂದು.

ಮುಂದಿನ ಭಾನುವಾರ ಬಾ. ನಾನು ಅಲ್ಲೇ ಇರುತ್ತೇನೆ.

ಇಂತಿ,
ನಿನ್ನ ಊರಿನ ಕಡೆಯವನೊಬ್ಬ