ಜಿರೇನಿಯಂ ಸಾಕಿದ ಜಂಭ

ದಾಂಡೇಲಿಯಲ್ಲಿ ದಾಸವಾಳದ ಟೊಂಗೆಯನ್ನು ಸುಮ್ಮನೆ ನೆಲಕ್ಕೆ ಚುಚ್ಚಿದರೂ ಚಿಗುರುತ್ತದೆ. ಅಷ್ಟು ಸುಲಭದ್ದು ನನಗೆ ಒಗ್ಗಬೇಕಲ್ಲ! ಬೆಂಗಳೂರಿಗೆ ಹೋದವನು ಹೈಬ್ರಿಡ್ ಜಿರೇನಿಯಂ ಕುಂಡಗಳನ್ನು ಹೊತ್ತು ತಂದೆ. ನಿಮಗೂ ಇಂಥದ್ದೊಂದು ಹುಚ್ಚು ಹತ್ತಿ ಇಳಿದಿರಲೇಬೇಕು.

ಹಳಿಯಾಳದ ಬಸ್ಸಿನಲ್ಲಿ ಪಕ್ಕದವರು, "ಸರ, ಇದು ಯಾವ ಬ್ಯಾನಿಗೆ ಔಷಧರೀ?" ಅಂದರು. ಕೇಳಬೇಕೆ! ಕುಂಡದಲ್ಲಿ ಬೆಳೆಸುವ ಜಿರೇನಿಯಂ ನಿಜಕ್ಕೂ ಪೆಲಾರ್ಗೋನಿಯಂ, 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಅದನ್ನು ಬೇರೆ ಕುಲಕ್ಕೆ ಸೇರಿಸಿದ, ನೋಡಿ, ಮೇಲಿನ ಎರಡು ಎಸಳಿನ ಮಚ್ಚೆ ಕೆಳಗಿನ ಮೂರಕ್ಕಿಲ್ಲ ಎಂದು ಬೆರಳಿಟ್ಟು ತೋರಿಸುವಷ್ಟರಲ್ಲಿ ಬಸ್ಸು ಬ್ರೇಕ್ ಹಾಕಿತು. ಇಡೀ ಗೊಂಚಲು ಕಿತ್ತು ಅವರ ಮಡಿಲಿಗೆ ಬಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಇಳಿಸಿದರು.

ಹೂ ಕಳೆದುಕೊಂಡ ಆ ಗಿಡ ರೀಗಲ್ ಜಾತಿಯದು. ಅದು ಮೊಗ್ಗು ಕಟ್ಟಲು ಕೆಲವು ವಾರ ತಂಪು ರಾತ್ರಿಗಳು ಬೇಕು. ಏಪ್ರಿಲ್‌ನ ದಾಂಡೇಲಿಯಲ್ಲಿ ತಂಪಿರುವುದು ಫ್ರಿಜ್ಜಿನಲ್ಲಿ ಮಾತ್ರ. ಎಲ್ಲರೂ ಮಲಗಿದ ಮೇಲೆ ಕುಂಡವನ್ನು ದೋಸೆಹಿಟ್ಟಿನ ಪಕ್ಕ ತುರುಕಿದೆ. ಬೆಳಗಾಗುವಾಗ ಅದು ಹಿಟ್ಟಿನೊಳಗೆ ಬೋರಲು ಬಿದ್ದಿತ್ತು. "ಎಷ್ಟು ಹಾಕಲಿ, ಮಣ್ಣಿನ ದೋಸೆ?" ಎಂದಳು ಹೆಂಡತಿ, ಬಹಳ ಶಾಂತವಾಗಿ.

ಎಲೆಯ ಮೇಲೆ ಕಪ್ಪು ಬಳೆಯಿರುವ ಜೋನಲ್ ಗಿಡದ ಪೂರ್ವಜರು ದಕ್ಷಿಣ ಆಫ್ರಿಕಾದವರು, ನಮ್ಮ ಜೂನ್ ಕಂಡವರಲ್ಲ. ಅದಕ್ಕೆ ನನ್ನ ಕೊಡೆಯನ್ನೇ ಕಟ್ಟಿದೆ. ಅವತ್ತೇ ಜೋಯಿಡಾಕ್ಕೆ ಹೋಗುವ ಕೆಲಸ ಬರಬೇಕೆ! ಕ್ಯಾಸಲ್‌ರಾಕ್ ಇರುವ ತಾಲೂಕಿಗೆ ಮಳೆಗಾಲದಲ್ಲಿ ಕೊಡೆಯಿಲ್ಲದೆ ಹೋದ ಏಕೈಕ ಮನುಷ್ಯ ನಾನೇ ಇರಬೇಕು. ಸೀನುತ್ತಾ ಮರಳಿದಾಗ ಕೊಡೆ ಗಾಳಿಗೆ ಹಾರಿಹೋಗಿತ್ತು, ಗಿಡದ ಬುಡ ಕರ್ರಗೆ ಕೊಳೆತಿತ್ತು.

ಉಳಿದದ್ದು ಸಿಟ್ರೋಸಾ, ಸೊಳ್ಳೆ ಓಡಿಸುತ್ತದೆಂದು ಹೆಸರಾದದ್ದು. ನೆಂಟರನ್ನು ಕೂರಿಸಿ, ತೋಳು ಮಡಚಿ, ಗಿಡದ ಪಕ್ಕ ಕುಳಿತೆ. ಸೊಳ್ಳೆ ಬಂತು, ಎಲೆಯ ಮೇಲೆ ಕೊಂಚ ದಣಿವಾರಿಸಿಕೊಂಡಿತು, ಆಮೇಲೆ ನನ್ನ ತೋಳಿಗೆ ದಾಟಿ ಊಟಕ್ಕೆ ಕುಳಿತಿತು. ಗಿಡ ಸುಮ್ಮನೆ ಪಕ್ಕದಲ್ಲಿದ್ದರೆ ಸೊಳ್ಳೆ ಹೆದರುವುದಿಲ್ಲವೆಂದು ಪ್ರಯೋಗಗಳು ಎಂದೋ ತೋರಿಸಿವೆಯಂತೆ. ನಾನು ಅದನ್ನು ಓದಿದ್ದು ಕೆರೆದುಕೊಳ್ಳುತ್ತಾ.

ಇಷ್ಟಾದರೂ ಜಂಭ ಇಳಿಯಲಿಲ್ಲ. ಕೊಳೆಯುವ ಮೊದಲೇ ಜೋನಲ್‌ನಿಂದ ತೆಗೆದಿಟ್ಟ ಬೀಜವನ್ನು ಮುಂಡಗೋಡದ ಬೀಗರಿಗೆ ಕೊಟ್ಟು, "ರಕ್ತಗೆಂಪು ಹೂ ಬರದಿದ್ದರೆ ನನ್ನ ಹೆಸರೇ ಬದಲಾಯಿಸಿ" ಎಂದೆ. ಹೈಬ್ರಿಡ್‌ನ ಬೀಜ ತಾಯಿಯಂತೆಯೇ ಹುಟ್ಟಬೇಕೆಂಬ ನಿಯಮವಿಲ್ಲ. ಬಂದದ್ದು ತೆಳು ಗುಲಾಬಿ. ಬೀಗರು ಮಾತಿನಂತೆ ನಡೆದುಕೊಂಡರು. ಆ ಮನೆಯ ಮಕ್ಕಳಿಗೆಲ್ಲ ನಾನೀಗ ಗುಲಾಬಿ ಅಜ್ಜ.

ನೀವೂ ಬೆಳೆಸುವುದಾದರೆ ಬೀಜ ಬೇಡ, ಟೊಂಗೆ ಕತ್ತರಿಸಿ ನೆಡಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ, ಮಳೆಗಾಲದಲ್ಲಿ ಸೂರಿನ ಕೆಳಗಿಡಿ. ಫ್ರಿಜ್ಜಿನ ವಿಷಯ ಮಾತ್ರ ಮೊದಲೇ ಮನೆಯವರನ್ನು ಕೇಳಿಕೊಳ್ಳಿ.