ಕೂಗದ ಅಡುಗೆ

ಕುಕ್ಕರಿನ ಕೂಗು ಎಣಿಸಿಯೇ ದೊಡ್ಡವರಾದ ನಮಗೆ ಫ್ರೆಂಚರ ಬಫ್ ಬೂರ್ಗಿನ್ಯೋಂ ಎಂಬ ದನದ ಮಾಂಸದ ಸ್ಟ್ಯೂ ಒಂದು ಅಗ್ನಿಪರೀಕ್ಷೆ. ಅದು ಕೂಗುವುದೇ ಇಲ್ಲ! ಮೂರು ಗಂಟೆ ಹೊತ್ತು ಸಣ್ಣ ಉರಿಯಲ್ಲಿ ಆಗೊಮ್ಮೆ ಈಗೊಮ್ಮೆ ಗುಳುಕ್ ಅನ್ನುತ್ತದೆ, ಅಷ್ಟೇ. ಅಷ್ಟರಲ್ಲಿ ಮನೆಯವರೆಲ್ಲ ಸರದಿಯ ಮೇಲೆ ಬಂದು ಮುಚ್ಚಳ ಎತ್ತಿ, "ಇನ್ನೂ ಆಗ್ಲಿಲ್ವಾ?" ಎಂದು ಕೇಳಿ ಹೋಗಿರುತ್ತಾರೆ.

ಈ ಪಾತ್ರೆಯ ಮುಂದೆ ದುಡ್ಡಿನ ದರ್ಬಾರು ನಡೆಯದು. ದುಬಾರಿ ಎಳೆ ಮಾಂಸ ಹಾಕಿದಿರೋ, ಒಣಗಿ ನಾರಾಗುತ್ತದೆ. ಬೇಕಾದ್ದು ಜೀವಮಾನವಿಡೀ ನಡೆದು ಗಟ್ಟಿಯಾದ, ಅಗ್ಗದ ಭುಜದ ಮಾಂಸ. ಅದರೊಳಗಿನ ಕೊಲಾಜೆನ್ ನಿಧಾನಕ್ಕೆ ಕರಗಿ ಜೆಲಟಿನ್ ಆದಾಗಲೇ ರಸ ತುಟಿಗೆ ಅಂಟುವಷ್ಟು ಮಂದವಾಗುವುದು.

1961ರಲ್ಲಿ ಬಂದ, ಅಮೆರಿಕದ ಪಾಕಲೇಖಕಿ ಜೂಲಿಯಾ ಚೈಲ್ಡ್ ಮತ್ತು ಗೆಳತಿಯರ ಫ್ರೆಂಚ್ ಅಡುಗೆಯ ಪುಸ್ತಕದಲ್ಲಿ ಮಾಂಸದ ತುಂಡುಗಳನ್ನು ಒರೆಸಿ ಒಣಗಿಸಿಯೇ ಹುರಿಯಬೇಕೆಂಬ ಕಟ್ಟಪ್ಪಣೆ ಇದೆ. ಸುಮ್ಮನೆ ಅಲ್ಲ: ಒದ್ದೆ ಮಾಂಸ ಬಾಣಲೆಯಲ್ಲಿ ಬೇಯುತ್ತದೆಯೇ ಹೊರತು ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಒಟ್ಟಿಗೇ ಸುರಿದು ಕೆಲಸ ಮುಗಿಸುವ ಆತುರಗಾರರಿಗೂ ಅದೇ ಗತಿ. ತಳ ಹಿಡಿದ ಕಂದು ಚೂರನ್ನು ವೈನ್ ಸುರಿದು ಕೆರೆದು ಎಬ್ಬಿಸಬೇಕು. ರುಚಿಯೆಲ್ಲ ಕೂತಿರುವುದು ಅಲ್ಲೇ.

ವೈನ್ ಎಂದಾಗ ಕೆಲವರ ಕಿವಿ ನೆಟ್ಟಗಾದೀತು. ಸಮಾಧಾನ! ಬೇಕಾಗುವುದು ಮೂರು ಕಪ್, ಅಂದರೆ ಹೆಚ್ಚುಕಡಿಮೆ ಇಡೀ ಬಾಟಲಿ. ಅಡುಗೆಯವರ ಪಾಲಿಗೆ ಎರಡು ಗುಟುಕು ಉಳಿದರೆ ಪುಣ್ಯ.

ಕರಾವಳಿಯ ಮೀನುಸಾರಿನ ಹಾಗೆ ಇದೂ ಮರುದಿನವೇ ಹೆಚ್ಚು ರುಚಿ. ಮರುದಿನದವರೆಗೆ ಅದನ್ನು ಉಳಿಸುವ ಉಪಾಯ ಮಾತ್ರ ಯಾವ ಪಾಕಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.